ಎಲೆಯ ಜತೆ ಬೆಲೆಯನ್ನೂ ನೋಡಿ: ಪೋಕರ್ ಕಲಿಯುವವರಿಗೆ ಮೊದಲ ಪಾಠಗಳು

ರಮ್ಮಿ ನಿಮಗೆ ಚೆನ್ನಾಗಿ ಬರುತ್ತದೆ. ಯುಗಾದಿಗೆ ಊರಿಗೆ ಹೋದಾಗ ತೀನ್ ಪತ್ತಿಗೂ ಕೂತಿದ್ದೀರಿ. ಆ ಧೈರ್ಯದಲ್ಲಿ, ಯಾವ ಕೈ ದೊಡ್ಡದು ಎನ್ನುವ ಪಟ್ಟಿಯನ್ನು ಬಾಯಿಪಾಠ ಮಾಡಿಕೊಂಡು ಪೋಕರ್ ಆಡಲು ಕೂತರೆ, ಗಂಟೆ ಕಳೆಯುವುದರೊಳಗೆ ನಿಮ್ಮ ಮುಂದಿದ್ದ ಚಿಪ್ಸ್ ಎಲ್ಲ ಪಕ್ಕದವರ ಪಾಲಾಗಿರುತ್ತದೆ. ಎಲೆ ಸರಿಯಾಗಿ ಬೀಳಲಿಲ್ಲ ಎಂದು ಸಮಾಧಾನ ಮಾಡಿಕೊಳ್ಳಬೇಡಿ. ಎದುರಿಗಿದ್ದವರಿಗೂ ಅದೇ ಕಟ್ಟಿನಿಂದ, ಅದೇ ಕೈಯಿಂದ ಎಲೆ ಬಿದ್ದಿತ್ತು. ಹೊಸಬರು ಬಹುಪಾಲು ಸೋಲುವುದು ಎರಡು ಕಾರಣಕ್ಕೆ. ಬಿಡಬೇಕಾದ ಕೈಗಳನ್ನು ಆಡುತ್ತಾರೆ. ಎಷ್ಟು ಕೊಟ್ಟು ಎಷ್ಟಕ್ಕೆ ಆಡುತ್ತಿದ್ದೇನೆ ಎಂದು ಲೆಕ್ಕ ಹಾಕುವುದಿಲ್ಲ. ಈ ಎರಡನ್ನು ತಿದ್ದಿಕೊಂಡರೆ ಆಟದ ಅರ್ಧ ಭಾಗ ಕೈಗೆ ಬಂದಂತೆ.

ಪೋಕರ್ ಹುಟ್ಟಿದ್ದು ಅಮೆರಿಕದಲ್ಲಿ, ಹತ್ತೊಂಬತ್ತನೆಯ ಶತಮಾನದ ಆರಂಭದ ದಶಕಗಳಲ್ಲಿ. ಮಿಸಿಸಿಪ್ಪಿ ನದಿಯ ಹಡಗುಗಳ ಮೂಲಕ ಅದು ದೇಶದ ಉದ್ದಗಲಕ್ಕೂ ಹರಡಿತು. ಅದರಲ್ಲಿ ಹಲವು ಬಗೆಗಳಿವೆ. ಇಂದು ಜಗತ್ತಿನಲ್ಲಿ ಹೆಚ್ಚು ಚಾಲ್ತಿಯಲ್ಲಿರುವುದು ಟೆಕ್ಸಾಸ್ ಹೋಲ್ಡೆಮ್. ಟೆಕ್ಸಾಸ್ ರಾಜ್ಯದ ರಾಬ್ಸ್‌ಟೌನ್ ಎಂಬ ಊರನ್ನು ಅದರ ಹುಟ್ಟೂರೆಂದು ಅಲ್ಲಿನ ಶಾಸನಸಭೆ 2007ರಲ್ಲಿ ಗುರುತಿಸಿತು. ಈ ಲೇಖನ ಹೇಳುವುದು ಆ ಹೋಲ್ಡೆಮ್ ಬಗ್ಗೆಯೇ.

ಕಲಿಯುವ ಮೊದಲು ಒಂದು ಎಚ್ಚರಿಕೆ

ಈ ಆಟವನ್ನು ಹಣವಿಲ್ಲದೆ ಕಲಿಯಿರಿ. ಆನ್‌ಲೈನ್ ಗೇಮಿಂಗ್ ಕುರಿತು ಕೇಂದ್ರ ಸರ್ಕಾರ ತಂದ ಕಾಯ್ದೆಗೆ 2025ರ ಆಗಸ್ಟ್‌ನಲ್ಲಿ ರಾಷ್ಟ್ರಪತಿಗಳ ಅಂಕಿತ ಬಿದ್ದಿದೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು, ಅವು ಕೌಶಲದವೋ ಅದೃಷ್ಟದವೋ ಎಂದು ಭೇದ ಮಾಡದೆ ಅದು ನಿಷೇಧಿಸುತ್ತದೆ. ಇದಕ್ಕೂ ಮೊದಲು, 2021ರಲ್ಲಿ, ಕರ್ನಾಟಕವೇ ಇಂಥದೊಂದು ತಿದ್ದುಪಡಿ ತಂದಿತ್ತು. 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿತು. ಆ ತೀರ್ಪನ್ನಷ್ಟೇ ನೆನಪಿಟ್ಟುಕೊಂಡು ಈಗಲೂ ಅಡ್ಡಿಯಿಲ್ಲ ಎಂದುಕೊಂಡವರಿದ್ದಾರೆ. ಕೇಂದ್ರದ ಕಾಯ್ದೆ ಬಂದ ಮೇಲೆ ಅದನ್ನು ನೆಚ್ಚಿಕೊಳ್ಳುವಂತಿಲ್ಲ. ಯಾರೋ ಕಳಿಸಿದ ವಾಟ್ಸ್‌ಆ್ಯಪ್ ಲಿಂಕ್ ಒತ್ತಿ, ಗುರುತಿಲ್ಲದ ಆ್ಯಪ್‌ಗೆ ಹಣ ಹಾಕಲೇಬೇಡಿ.

ಕಾನೂನು ಬದಿಗಿರಲಿ, ಕಲಿಕೆಯ ದೃಷ್ಟಿಯಿಂದಲೂ ಹಣ ಅಡ್ಡಿಯೇ. ಇನ್ನೂ ಲೆಕ್ಕ ಕೂಡಿಸಲು ಬಾರದ ಹೊತ್ತಿನಲ್ಲಿ ಹಣ ಹೋದರೆ ಮನಸ್ಸು ಲೆಕ್ಕವನ್ನು ಬಿಟ್ಟು, ಕಳೆದದ್ದನ್ನು ವಾಪಸು ತರುವ ಯೋಚನೆಗೆ ಬೀಳುತ್ತದೆ. ಅಲ್ಲಿಗೆ ಕಲಿಕೆ ನಿಂತಿತು.

ಚಿಪ್ಸ್ ಬದಲಿಗೆ ಹುಣಸೆ ಬೀಜ, ಒಣಗಿದ ಅವರೆಕಾಳು ಸಾಕು. ಬೀಜಕ್ಕೆ 1, ಕಾಳಿಗೆ 10 ಎಂದು ಬೆಲೆ ಕಟ್ಟಿ. ಒಬ್ಬೊಬ್ಬರಿಗೆ 20 ಬೀಜ, 18 ಕಾಳು ಹಂಚಿದರೆ 200 ಆಯಿತು. ನಾಲ್ಕರಿಂದ ಆರು ಜನ, ಜೋಕರ್ ತೆಗೆದ 52 ಎಲೆಗಳ ಒಂದು ಕಟ್ಟು, ಎಲ್ಲರಿಗೂ ಕಾಣುವ ಒಂದು ಜಮಖಾನೆ ಇದ್ದರೆ ಆಟ ಶುರು ಮಾಡಬಹುದು.

ಒಂದು ಆಟ ನಡೆಯುವ ಕ್ರಮ

ಪ್ರತಿಯೊಬ್ಬರಿಗೂ ಮುಚ್ಚಿದ ಎರಡು ಎಲೆ ಬರುತ್ತವೆ. ನಡುವೆ ಎಲ್ಲರಿಗೂ ಸೇರಿದ ಐದು ಎಲೆ ತೆರೆದುಕೊಳ್ಳುತ್ತವೆ. ಈ ಏಳರಲ್ಲಿ ಅತ್ಯುತ್ತಮ ಐದೇ ನಿಮ್ಮ ಕೈ. ಮಾಹಿತಿ ಒಂದೇ ಸಲ ಸಿಗದೆ ಹಂತಹಂತವಾಗಿ ಸಿಗುತ್ತದೆ. ಒಂದೊಂದು ಹಂತದಲ್ಲೂ ಮುಂದುವರಿಯಲು ಬೆಲೆ ತೆರಬೇಕಾಗಬಹುದು. ಆಟದ ಜೀವ ಇರುವುದು ಇಲ್ಲೇ.

1. ಎಲೆ ಹಾಕುವವರ ಸ್ಥಾನಕ್ಕೆ ಬಟನ್ ಎಂದು ಹೆಸರು. ಪ್ರತಿ ಆಟಕ್ಕೂ ಅದು ಎಡಕ್ಕೆ ಒಂದು ಸ್ಥಾನ ಸರಿಯುತ್ತದೆ.

2. ಬಟನ್‌ನ ಎಡಕ್ಕಿರುವವರು ಎಲೆ ನೋಡುವ ಮೊದಲೇ 1 ಕಟ್ಟಬೇಕು, ಅವರ ಎಡಕ್ಕಿರುವವರು 2 ಕಟ್ಟಬೇಕು. ಇವು ಸ್ಮಾಲ್ ಬ್ಲೈಂಡ್ ಮತ್ತು ಬಿಗ್ ಬ್ಲೈಂಡ್. ತೀನ್ ಪತ್ತಿಯಲ್ಲಿ ಎಲೆ ನೋಡದೆ ಆಡುತ್ತಾರಲ್ಲ, ಆ ಬ್ಲೈಂಡ್ ಬೇರೆ. ಇದು ಕಡ್ಡಾಯದ ಕಟ್ಟುವಿಕೆ. ಇದಿಲ್ಲದಿದ್ದರೆ ಎಲ್ಲರೂ ಎರಡು ಎಕ್ಕಕ್ಕಾಗಿ ಕಾಯುತ್ತ ಕೂರುತ್ತಿದ್ದರು.

3. ಎಲ್ಲರಿಗೂ ಎರಡೆರಡು ಎಲೆ. ಬಿಗ್ ಬ್ಲೈಂಡ್‌ನ ಎಡಗಡೆಯವರಿಂದ ಸರದಿ ಶುರು. 2 ಕೊಟ್ಟು ಉಳಿಯುವುದು ಕಾಲ್, ಹೆಚ್ಚಿಸುವುದು ರೇಸ್, ಎಲೆ ಬಿಟ್ಟುಬಿಡುವುದು ಫೋಲ್ಡ್.

4. ನಡುವೆ ಮೂರು ಎಲೆ ಒಟ್ಟಿಗೆ ತೆರೆಯುತ್ತವೆ. ಇದು ಫ್ಲಾಪ್. ಇನ್ನು ಮುಂದೆ ಸರದಿ ಬಟನ್‌ನ ಎಡದಿಂದ. ಯಾರೂ ಕಟ್ಟದಿದ್ದರೆ ನೀವೂ ಏನೂ ಕಟ್ಟದೆ ಚೆಕ್ ಎನ್ನಬಹುದು, ಇಲ್ಲವೇ ಬೆಟ್ ಮಾಡಬಹುದು.

5. ನಾಲ್ಕನೆಯ ಎಲೆ ಟರ್ನ್, ಐದನೆಯದು ರಿವರ್. ಎರಡರ ನಂತರವೂ ಒಂದೊಂದು ಸುತ್ತು.

6. ಕೊನೆಗೆ ಉಳಿದವರು ಎಲೆ ತೋರಿಸುತ್ತಾರೆ. ಎಲ್ಲರೂ ಬಿಟ್ಟು ಒಬ್ಬರೇ ಉಳಿದರೆ ಅವರು ಎಲೆ ತೋರಿಸದೆಯೇ ಪಾಟ್, ಅಂದರೆ ನಡುವೆ ಸೇರಿದ್ದೆಲ್ಲವನ್ನೂ ತೆಗೆದುಕೊಳ್ಳುತ್ತಾರೆ.

ಕೈಗಳ ಮೇಲುಕೀಳು

ತೀನ್ ಪತ್ತಿ ಆಡಿದವರು ಇಲ್ಲಿ ಎಡವುತ್ತಾರೆ. ಅಲ್ಲಿ ಕಲರ್‌ಗಿಂತ ಸೀಕ್ವೆನ್ಸ್ ದೊಡ್ಡದು. ಪೋಕರ್‌ನಲ್ಲಿ ಕಲರ್ ದೊಡ್ಡದು, ಸೀಕ್ವೆನ್ಸ್ ಚಿಕ್ಕದು. ಇದು ಯಾರೋ ಮನಸ್ಸಿಗೆ ತೋಚಿದಂತೆ ಮಾಡಿದ ನಿಯಮವಲ್ಲ, ಅಪರೂಪದ್ದು ದೊಡ್ಡದು ಎನ್ನುವ ಒಂದೇ ತತ್ವ ಎರಡೂ ಕಡೆ ಕೆಲಸ ಮಾಡುತ್ತಿದೆ. ಮೂರು ಎಲೆಗಳಲ್ಲಿ ಬರಿಯ ಸೀಕ್ವೆನ್ಸ್ ಆಗುವ ಬಗೆಗಳು 720, ಬರಿಯ ಕಲರ್ ಆಗುವ ಬಗೆಗಳು 1,096. ಐದು ಎಲೆಗೆ ಬಂದರೆ ಲೆಕ್ಕ ತಿರುಗುತ್ತದೆ: ಸೀಕ್ವೆನ್ಸ್ 10,200, ಕಲರ್ 5,108. ಐದು ಎಲೆಗಳ ಒಟ್ಟು ಜೋಡಣೆಗಳು 25,98,960. ದೊಡ್ಡದರಿಂದ ಚಿಕ್ಕದಕ್ಕೆ ಪಟ್ಟಿ ಹೀಗಿದೆ:

1. ರಾಯಲ್ ಫ್ಲಶ್: ಒಂದೇ ಗುಂಪಿನ ಎಕ್ಕ, ರಾಜ, ರಾಣಿ, ಗುಲಾಮ, ಹತ್ತು. ಇಸ್ಪೀಟು, ಆಟೀನು, ಡೈಮಂಡ್, ಕಳಾವರ್ ಎಂದು ನಾಲ್ಕೇ ಬಗೆ.
2. ಸ್ಟ್ರೈಟ್ ಫ್ಲಶ್: ಒಂದೇ ಗುಂಪಿನ ಬೇರೆ ಯಾವುದೇ ಐದು ಸಾಲು ಎಲೆ. 36 ಬಗೆ.
3. ಒಂದೇ ಅಂಕಿಯ ನಾಲ್ಕು: 624.
4. ಫುಲ್ ಹೌಸ್, ಅಂದರೆ ಒಂದೇ ಅಂಕಿಯ ಮೂರು ಮತ್ತು ಒಂದು ಜೋಡಿ: 3,744.
5. ಫ್ಲಶ್ (ಕಲರ್), ಒಂದೇ ಗುಂಪಿನ ಐದು: 5,108.
6. ಸ್ಟ್ರೈಟ್ (ಸೀಕ್ವೆನ್ಸ್), ಬೇರೆ ಬೇರೆ ಗುಂಪಿನ ಐದು ಸಾಲು ಎಲೆ: 10,200.
7. ಒಂದೇ ಅಂಕಿಯ ಮೂರು: 54,912.
8. ಎರಡು ಜೋಡಿ: 1,23,552.
9. ಒಂದು ಜೋಡಿ: 10,98,240.
10. ಏನೂ ಕೂಡದ ಕೈ: 13,02,540. ಇಲ್ಲಿ ದೊಡ್ಡ ಎಲೆ ಇದ್ದವರು ಗೆಲ್ಲುತ್ತಾರೆ.

ಎಕ್ಕ ಸಾಲಿನ ಮೇಲ್ತುದಿಗೂ ಸೇರುತ್ತದೆ, ಎಕ್ಕ-2-3-4-5 ಎಂದು ಕೆಳತುದಿಗೂ ಸೇರುತ್ತದೆ. ರಾಜ-ಎಕ್ಕ-2 ಎಂದು ಸುತ್ತಿಕೊಂಡು ಬರುವುದಿಲ್ಲ. ಗುಂಪುಗಳಲ್ಲಿ ಇಸ್ಪೀಟು ದೊಡ್ಡದು, ಕಳಾವರ್ ಚಿಕ್ಕದು ಎಂಬ ಭೇದವೂ ಇಲ್ಲ; ಕೈ ಸಮವಾದರೆ ಪಾಟ್ ಹಂಚಿಕೊಳ್ಳಬೇಕು.

ಸಮ ಎಂದು ಕಂಡರೂ ಸಮವಲ್ಲದ ಸಂದರ್ಭಗಳೇ ಜಗಳಕ್ಕೆ ಕಾರಣ. ನಡುವೆ ಎಕ್ಕ, ರಾಜ, 7, 4, 2 ಇವೆ ಎನ್ನಿ. ನಿಮ್ಮಲ್ಲಿ ಎಕ್ಕ ಮತ್ತು 9, ಎದುರಿನವರಲ್ಲಿ ಎಕ್ಕ ಮತ್ತು ಗುಲಾಮ. ಇಬ್ಬರಿಗೂ ಎಕ್ಕದ ಜೋಡಿ, ಇಬ್ಬರಿಗೂ ರಾಜ. ಮುಂದಿನ ಎಲೆಗೆ ಅವರ ಗುಲಾಮ ನಿಮ್ಮ 9ನ್ನು ಸೋಲಿಸುತ್ತದೆ. ಹೀಗೆ ಜೋಡಿಯ ಜತೆಗೆ ನಿಂತು ಕೈ ನಿರ್ಧರಿಸುವ ಎಲೆಗೆ ಕಿಕರ್ ಎನ್ನುತ್ತಾರೆ. ಎಕ್ಕ ಬಂತೆಂದು ಕಣ್ಣು ಮುಚ್ಚಿ ಆಡುವವರ ಚಿಪ್ಸ್ ಕರಗುವುದು ಈ ಕಿಕರ್ ದೆಸೆಯಿಂದ. ಎಕ್ಕ-5 ಹಿಡಿದವರು ಎಕ್ಕ-ರಾಜದ ಎದುರು ಗೆಲ್ಲುವುದು ನಾಲ್ಕರಲ್ಲಿ ಸುಮಾರು ಒಂದು ಸಲ.

ಕೂತ ಜಾಗ ಯಾಕೆ ಮುಖ್ಯ

ಹೊಸಬರು ತಮ್ಮ ಎರಡು ಎಲೆ ನೋಡಿ ನಿರ್ಧರಿಸುತ್ತಾರೆ. ಆಡಿ ಪಳಗಿದವರು ಎಲೆಯ ಜತೆಗೆ ತಾವು ಕೂತ ಜಾಗವನ್ನೂ ನೋಡುತ್ತಾರೆ. ಬಟನ್‌ನಲ್ಲಿ ಕೂತವರು ಫ್ಲಾಪ್, ಟರ್ನ್, ರಿವರ್ ಮೂರರಲ್ಲೂ ಕೊನೆಗೆ ಮಾತಾಡುತ್ತಾರೆ. ಎಲ್ಲರೂ ಚೆಕ್ ಎಂದರೋ, ಯಾರಾದರೂ ಜೋರಾಗಿ ಕಟ್ಟಿದರೋ ಎಂದು ತಿಳಿದ ಮೇಲೆ ಅವರ ಸರದಿ. ಮೊದಲು ಮಾತಾಡುವವರಿಗೆ ಈ ಮಾಹಿತಿ ಒಂದೂ ಇಲ್ಲ. ಅವರು ಕತ್ತಲಲ್ಲಿ ಬೆಲೆ ಹೇಳಬೇಕು. ಅದೇ ಗುಲಾಮ-ಹತ್ತು ಬಟನ್‌ನಲ್ಲಿ ಆಡಲು ತಕ್ಕ ಕೈ, ಮೊದಲ ಸರದಿಯಲ್ಲಿ ಬಿಡಬೇಕಾದ ಕೈ.

ಎಲೆ ಹಾಕುವಾಗ ಎರಡೆರಡರ ಜೋಡಣೆ 1,326 ಬಗೆಯಲ್ಲಿ ಬರಬಹುದು. ಕೈಯಲ್ಲೇ ಜೋಡಿ ಬರುವುದು 17ರಲ್ಲಿ ಒಂದು ಸಲ, ಎರಡು ಎಕ್ಕ ಬರುವುದು 221ರಲ್ಲಿ ಒಂದು ಸಲ. ಒಳ್ಳೆಯ ಕೈ ನಿಜಕ್ಕೂ ಅಪರೂಪ. ರಮ್ಮಿಯಲ್ಲಿ ಮೊದಲೇ ಡ್ರಾಪ್ ಮಾಡಿದರೆ 20 ಅಂಕದ ಪೆಟ್ಟು. ಇಲ್ಲಿ ಬ್ಲೈಂಡ್ ಕಟ್ಟದ ಸ್ಥಾನದಲ್ಲಿ ಕೂತು ಎಲೆ ಬಿಟ್ಟರೆ ನಷ್ಟ ಸೊನ್ನೆ. ಇಷ್ಟು ಅಗ್ಗವಾಗಿ ಸಿಗುವ ಫೋಲ್ಡ್ ಅನ್ನು ಹೊಸಬರು ಬಳಸಿಕೊಳ್ಳುವುದಿಲ್ಲ, ಅದೇ ನನಗೆ ಬೇಸರ. ಸುಮ್ಮನೆ ಕೂರುವುದೂ ಆಟದ ಭಾಗವೇ.

ಮೊದಲ ಕೆಲವು ವಾರ ಈ ಮಿತಿಯೊಳಗೆ ಆಡಿ:

1. ಮೊದಲ ಸರದಿಗಳಲ್ಲಿ: 8ರ ಜೋಡಿ ಮತ್ತು ಅದರ ಮೇಲಿನವು, ಎಕ್ಕ-ರಾಜ, ಎಕ್ಕ-ರಾಣಿ, ಒಂದೇ ಗುಂಪಿನ ಎಕ್ಕ-ಗುಲಾಮ, ಒಂದೇ ಗುಂಪಿನ ರಾಜ-ರಾಣಿ.

2. ಬಟನ್ ಮತ್ತು ಅದರ ಬಲಕ್ಕಿರುವ ಸ್ಥಾನದಲ್ಲಿ, ನಿಮಗಿಂತ ಮೊದಲು ಯಾರೂ ರೇಸ್ ಮಾಡಿಲ್ಲದಿದ್ದರೆ: ಎಲ್ಲ ಜೋಡಿಗಳು, ಎಕ್ಕ-ಹತ್ತರಿಂದ ಮೇಲೆ, ರಾಜ-ರಾಣಿ, ರಾಜ-ಗುಲಾಮ, ರಾಣಿ-ಗುಲಾಮ, ಗುಲಾಮ-ಹತ್ತು, ಒಂದೇ ಗುಂಪಿನ ಯಾವುದೇ ಎಕ್ಕ.

3. ನೀವೇ ಮೊದಲು ಆಟಕ್ಕಿಳಿಯುವುದಾದರೆ ಕಾಲ್ ಬೇಡ, ಬಿಗ್ ಬ್ಲೈಂಡ್‌ನ ಮೂರು ಪಟ್ಟು ರೇಸ್ ಮಾಡಿ. ರೇಸ್ ಮಾಡಿದರೆ ಎಲ್ಲರೂ ಬಿಟ್ಟು ಬ್ಲೈಂಡ್‌ಗಳು ಅಲ್ಲೇ ನಿಮಗೆ ಸಿಗುವ ಸಾಧ್ಯತೆ ಇದೆ. ಕಾಲ್‌ಗೆ ಆ ದಾರಿ ಇಲ್ಲ.

4. ನಿಮಗಿಂತ ಮೊದಲೇ ಯಾರಾದರೂ ರೇಸ್ ಮಾಡಿದ್ದರೆ ಮೊದಲ ಪಟ್ಟಿಯ ಕೈಗಳಿಗಷ್ಟೇ ಅಂಟಿಕೊಳ್ಳಿ, ಉಳಿದದ್ದನ್ನು ಬಿಡಿ.

ಬೆಲೆಯ ಲೆಕ್ಕ

ಇಡೀ ಆಟದಲ್ಲಿ ಒಂದೇ ವಿಷಯ ಕಲಿಯಲು ಬಿಡುವಿದ್ದರೆ ಇದನ್ನು ಕಲಿಯಿರಿ ಎನ್ನುತ್ತೇನೆ.

ನಿಮ್ಮ ಕೈಯಲ್ಲಿ ಎರಡು ಇಸ್ಪೀಟು, ನಡುವೆ ತೆರೆದ ನಾಲ್ಕರಲ್ಲಿ ಇನ್ನೆರಡು ಇಸ್ಪೀಟು. ಒಂದೇ ಎಲೆ ಬಾಕಿ. ಇಸ್ಪೀಟು ಬಿದ್ದರೆ ಫ್ಲಶ್ ಆಗಿ ಗೆಲ್ಲುತ್ತೀರಿ, ಬೀಳದಿದ್ದರೆ ಸೋಲುತ್ತೀರಿ ಎಂದಿಟ್ಟುಕೊಳ್ಳೋಣ. ಕಟ್ಟಿನಲ್ಲಿ ಇಸ್ಪೀಟು 13, ನಿಮಗೆ ಕಂಡದ್ದು 4, ಉಳಿದದ್ದು 9. ನೀವು ನೋಡದ ಎಲೆಗಳು 46. ಅಂದರೆ 46 ಸಲ ಇದೇ ಸಂದರ್ಭ ಬಂದರೆ 9 ಸಲ ಗೆಲುವು, 37 ಸಲ ಸೋಲು. ಹೀಗೆ ನಿಮ್ಮ ಕೈ ಕೂಡಿಸುವ ಎಲೆಗಳಿಗೆ ಔಟ್ಸ್ ಎಂದು ಹೆಸರು.

ಪಾಟ್‌ನಲ್ಲಿ 100 ಇದೆ. ಎದುರಿನವರು 50 ಕಟ್ಟಿದರು. ಈಗ 150 ಗೆಲ್ಲಲು ನೀವು 50 ಕೊಡಬೇಕು. 9 ಸಲ ಗೆದ್ದರೆ ಬರುವುದು 1,350, 37 ಸಲ ಸೋತರೆ ಹೋಗುವುದು 1,850. ಒಟ್ಟು 500 ನಷ್ಟ, ಸಲಕ್ಕೆ ಸುಮಾರು 11. ಬಿಡಬೇಕು.

ಅದೇ ಪಾಟ್, ಅದೇ ಎಲೆ. ಅವರು 20 ಮಾತ್ರ ಕಟ್ಟಿದರು. ಈಗ 120 ಗೆಲ್ಲಲು 20 ಕೊಟ್ಟರೆ ಸಾಕು. 9 ಸಲಕ್ಕೆ 1,080 ಬಂತು, 37 ಸಲಕ್ಕೆ 740 ಹೋಯಿತು. 340 ಲಾಭ. ಆಡಬೇಕು.

ನಿಮ್ಮ ಎಲೆ ಬದಲಾಗಲಿಲ್ಲ, ಅದೃಷ್ಟ ಬದಲಾಗಲಿಲ್ಲ, ಬೆಲೆ ಬದಲಾಯಿತು. ಈ ಕೈ ಆಡಬಹುದೇ ಎಂದು ಬರಿಯ ಎಲೆ ತೋರಿಸಿ ಕೇಳಿದರೆ ಅನುಭವಿಗಳು ಉತ್ತರಿಸಲಾರರು. ಪಾಟ್ ಎಷ್ಟಿತ್ತು, ಎಷ್ಟು ಕೇಳಿದರು ಎಂದು ಮೊದಲು ವಿಚಾರಿಸುತ್ತಾರೆ.

ಆಡುವಾಗ ಇಷ್ಟು ಉದ್ದದ ಗುಣಾಕಾರ ಬೇಕಿಲ್ಲ. ಎರಡು ಸುಲಭ ಸೂತ್ರಗಳಿವೆ.

1. ಗೆಲ್ಲುವ ಸಾಧ್ಯತೆ ತಿಳಿಯಲು: ಒಂದೇ ಎಲೆ ಬಾಕಿ ಇದ್ದರೆ ಔಟ್ಸ್ ಅನ್ನು 2ರಿಂದ ಗುಣಿಸಿ, ಎರಡು ಬಾಕಿ ಇದ್ದರೆ 4ರಿಂದ. 9 ಔಟ್ಸ್‌ಗೆ ಒಂದು ಎಲೆಯಲ್ಲಿ ಶೇ 18, ಎರಡರಲ್ಲಿ ಶೇ 36. ನಿಖರ ಲೆಕ್ಕ ಶೇ 19.6 ಮತ್ತು ಶೇ 35; ಆಟದ ನಡುವೆ ಇಷ್ಟು ಹತ್ತಿರ ಬಂದರೆ ಸಾಕು. ಎರಡು ಕಡೆಯೂ ತೆರೆದ ಸಾಲಿಗೆ, ಉದಾಹರಣೆಗೆ 6-7-8-9ಕ್ಕೆ, 8 ಔಟ್ಸ್. ನಡುವೆ ಒಂದೇ ಎಲೆ ತಪ್ಪಿದ ಸಾಲಿಗೆ 4 ಮಾತ್ರ.

2. ಬೇಕಾದ ಸಾಧ್ಯತೆ ತಿಳಿಯಲು: ನೀವು ಕೊಡಬೇಕಾದದ್ದನ್ನು, ನೀವು ಕೊಟ್ಟ ಮೇಲೆ ಆಗುವ ಒಟ್ಟು ಪಾಟ್‌ನಿಂದ ಭಾಗಿಸಿ. ಮೇಲಿನ ಮೊದಲ ಉದಾಹರಣೆಯಲ್ಲಿ 50 ಭಾಗಿಸು 200, ಅಂದರೆ ಶೇ 25 ಬೇಕು; ನಿಮ್ಮಲ್ಲಿರುವುದು ಶೇ 20ರ ಆಸುಪಾಸು. ಎರಡನೆಯದರಲ್ಲಿ 20 ಭಾಗಿಸು 140, ಶೇ 14 ಸಾಕು.

ಎಚ್ಚರಿಕೆ: 4ರಿಂದ ಗುಣಿಸುವ ಸೂತ್ರ ಎರಡೂ ಎಲೆಗಳನ್ನು ಖಂಡಿತ ನೋಡುತ್ತೀರಿ ಎಂದಾಗ ಮಾತ್ರ ಸಲ್ಲುತ್ತದೆ. ಟರ್ನ್ ನಂತರ ಮತ್ತೆ ಬೆಟ್ ಬಂದರೆ ಬೆಲೆ ಇನ್ನೊಮ್ಮೆ ತೆರಬೇಕು. ಹಾಗಾಗಿ ಫ್ಲಾಪ್‌ನಲ್ಲಿ ಇನ್ನೂ ಬೀಜ ಉಳಿದಿದ್ದರೆ 2ರ ಸೂತ್ರವನ್ನೇ ಹಿಡಿಯುವುದು ಕ್ಷೇಮ. ಇನ್ನೊಂದು ಮಾತು, ಎಲ್ಲ ಔಟ್ಸ್ ಶುದ್ಧವಾಗಿರುವುದಿಲ್ಲ. ನಿಮ್ಮ ಸಾಲನ್ನು ಕೂಡಿಸುವ ಎಲೆಯೇ ಎದುರಿನವರ ಫ್ಲಶ್ ಕೂಡಿಸಬಹುದು. ಅಂಥ ಎಲೆಯನ್ನು ಲೆಕ್ಕದಿಂದ ಕಳೆಯಿರಿ.

ಬೆಟ್ ಯಾಕೆ ಮಾಡಬೇಕು

ಕಾರಣಗಳು ಎರಡೇ. ನಿಮಗಿಂತ ಚಿಕ್ಕ ಕೈಯವರು ಹಣ ಕೊಡಲಿ ಎಂದು, ಅಥವಾ ನಿಮಗಿಂತ ದೊಡ್ಡ ಕೈಯವರು ಬಿಟ್ಟುಹೋಗಲಿ ಎಂದು. ಚಿಪ್ಸ್ ಮುಂದಿಡುವ ಮೊದಲು ಇವೆರಡರಲ್ಲಿ ಯಾವುದು ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಉತ್ತರ ಹೊಳೆಯದಿದ್ದರೆ ಚೆಕ್ ಮಾಡಿ. ಬೆಟ್ ಮಾಡುವುದಾದರೆ ಪಾಟ್‌ನ ಅರ್ಧದಿಂದ ಮುಕ್ಕಾಲು ಭಾಗ ಕಟ್ಟಿ. 100ರ ಪಾಟ್‌ಗೆ 10 ಕಟ್ಟಿದರೆ ಫ್ಲಶ್‌ಗೆ ಕಾಯುವವರಿಗೆ ನೀವೇ ಅಗ್ಗದ ಬೆಲೆ ಕೊಟ್ಟಂತಾಯಿತು. ಅದು ಎಷ್ಟು ಅಗ್ಗ ಎನ್ನುವುದು ಮೇಲಿನ ಲೆಕ್ಕದಿಂದ ನಿಮಗೀಗ ಗೊತ್ತು.

ಬ್ಲಫ್ ಎರಡನೆಯ ಕಾರಣಕ್ಕೆ ಸೇರಿದ್ದು. ಸಿನಿಮಾದಲ್ಲಿ ಅದು ಮುಖ ಗಂಟಿಕ್ಕುವ ಧೈರ್ಯವಾಗಿ ಕಾಣುತ್ತದೆ, ಮೇಜಿನ ಮೇಲೆ ಅದೂ ಲೆಕ್ಕವೇ. 100ರ ಪಾಟ್‌ಗೆ 50 ಕಟ್ಟಿದರೆ, ಮೂರರಲ್ಲಿ ಒಂದಕ್ಕಿಂತ ಹೆಚ್ಚು ಸಲ ಎದುರಿನವರು ಬಿಟ್ಟರಷ್ಟೇ ಲಾಭ. ಎದುರಿಗೆ ಮೂವರಿದ್ದರೆ ಮೂವರೂ ಬಿಡಬೇಕು. ಅದು ಆಗುವ ಮಾತಲ್ಲ. ಏನು ಬಂದರೂ ಬಿಡದವರ ಮುಂದೆ ಬ್ಲಫ್ ಮಾಡಬಾರದು. ಹೊಸಬರಿಗೆ ಒಪ್ಪುವ ಬ್ಲಫ್ ಎಂದರೆ ಔಟ್ಸ್ ಇಟ್ಟುಕೊಂಡು ಮಾಡುವುದು: ಅವರು ಬಿಟ್ಟರೆ ಈಗಲೇ ಗೆಲುವು, ಬಿಡದಿದ್ದರೂ ಇಸ್ಪೀಟು ಬೀಳುವ ಅವಕಾಶ ಉಳಿದಿದೆ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಒಂದೇ ಗುಂಪಿನ ಎರಡು ಎಲೆ ಕಂಡ ಕೂಡಲೇ ಆಡುವುದು ಮೊದಲ ತಪ್ಪು. ಫ್ಲಾಪ್‌ನಲ್ಲೇ ಫ್ಲಶ್ ಪೂರ್ತಿಯಾಗುವುದು ನೂರಕ್ಕೆ ಒಂದಕ್ಕಿಂತ ಕಡಿಮೆ ಸಲ. ಇಸ್ಪೀಟಿನ 9-3 ಬಂದರೂ ಅದು ಬಿಡುವ ಕೈಯೇ.

ಈಗಾಗಲೇ ಇಷ್ಟು ಹಾಕಿದ್ದೇನೆ, ಈಗ ಹೇಗೆ ಬಿಡಲಿ ಎನ್ನುವುದು ಎರಡನೆಯದು, ಇದೇ ಹೆಚ್ಚು ದುಬಾರಿ. ಪಾಟ್‌ಗೆ ಹೋದದ್ದು ಯಾರದೂ ಅಲ್ಲ. ಈ ಕ್ಷಣದ ಬೆಲೆ, ಈ ಕ್ಷಣದ ಸಾಧ್ಯತೆ ಎರಡನ್ನೇ ತೂಗಿ.

ಎಕ್ಕ-ರಾಜ ಬಂದಾಗ ಗೆದ್ದೇಬಿಟ್ಟೆ ಎಂದುಕೊಳ್ಳುವವರಿದ್ದಾರೆ. ಮೂರರಲ್ಲಿ ಸುಮಾರು ಎರಡು ಸಲ ಫ್ಲಾಪ್‌ನಲ್ಲಿ ಅದಕ್ಕೆ ಜೋಡಿ ಕೂಡ ಸಿಗುವುದಿಲ್ಲ. 2, 3, 4ರಂಥ ಚಿಕ್ಕ ಜೋಡಿ ಹಿಡಿದವರು ಮೂರನೆಯ ಎಲೆಗೆ ಕಾಯುತ್ತಾರೆ. ಅದು ಫ್ಲಾಪ್‌ನಲ್ಲಿ ಬರುವುದು ಎಂಟೂವರೆ ಸಲಕ್ಕೆ ಒಮ್ಮೆ. ಬರದಿದ್ದಾಗ ಎದುರಿನವರು ಬೆಟ್ ಮಾಡಿದರೆ ಬಿಡಿ.

ಫಲ ನೋಡಿ ನಿರ್ಧಾರವನ್ನು ಅಳೆಯುವುದು ಇನ್ನೊಂದು. ಎರಡು ಎಕ್ಕ ಎರಡು ರಾಜರ ಎದುರು ಐದರಲ್ಲಿ ನಾಲ್ಕು ಸಲ ಗೆಲ್ಲುತ್ತವೆ, ಒಂದು ಸಲ ಸೋಲುತ್ತವೆ. ಸೋತ ದಿನವೂ ಎಕ್ಕಗಳನ್ನು ಆಡಿದ್ದು ಸರಿಯೇ. ಹಾಗೆಯೇ, ಶೇ 25 ಬೇಕಿದ್ದಲ್ಲಿ ಶೇ 9ರ ಕೈ ಆಡಿ ಗೆದ್ದರೆ ಅದು ತಪ್ಪು ನಿರ್ಧಾರವೇ.

ಮೇಜಿನ ಶಿಸ್ತೂ ಮುಖ್ಯ. ಸರದಿ ಬರುವ ಮೊದಲು ಬಿಡುತ್ತೇನೆ, ಕಟ್ಟುತ್ತೇನೆ ಎಂದು ಬಾಯಿಬಿಡಬಾರದು. ಬೇರೆಯವರ ನಿರ್ಧಾರ ಅದರಿಂದ ಕೆಡುತ್ತದೆ. ರೇಸ್ ಮಾಡುವಾಗ ಚಿಪ್ಸ್ ಅನ್ನು ಒಂದೇ ಸಲಕ್ಕೆ ಮುಂದಿಡಿ, ಇಲ್ಲವೇ ಮೊದಲೇ ಮೊತ್ತ ಹೇಳಿ. ಸ್ವಲ್ಪ ಇಟ್ಟು, ಎದುರಿನವರ ಮುಖ ನೋಡಿ, ಮತ್ತಷ್ಟು ಸೇರಿಸುವುದು ನಿಯಮಕ್ಕೆ ವಿರುದ್ಧ. ಎಲೆ ಬಿಟ್ಟ ಮೇಲೆ ಏನು ಬಿಟ್ಟೆ ಎಂದು ಆಟ ಮುಗಿಯುವವರೆಗೆ ಹೇಳಬೇಡಿ.

ಮನೆಯಲ್ಲಿ ಅಭ್ಯಾಸ

1. ಮೊದಲ ದಿನ ಎಲ್ಲರೂ ಎಲೆ ತೆರೆದಿಟ್ಟು ಆಡಿ. ನಡುವಿನ ಐದು ಬಿದ್ದ ಮೇಲೆ ಯಾರ ಕೈ ದೊಡ್ಡದು ಎಂದು ಒಬ್ಬೊಬ್ಬರೂ ಹೇಳಲಿ. ಏಳರಲ್ಲಿ ಐದು ಆರಿಸುವುದು ಕಣ್ಣಿಗೆ ಪಳಗುವವರೆಗೆ ಮುಂದೆ ಹೋಗಬೇಡಿ.

2. ಆಮೇಲೆ ಎಲೆ ಮುಚ್ಚಿ ಆಡಿ, ಆದರೆ ಪ್ರತಿ ಬೆಟ್ ಬಂದಾಗಲೂ ಪಾಟ್ ಎಷ್ಟು, ಕೊಡಬೇಕಾದದ್ದು ಎಷ್ಟು, ಶೇಕಡ ಎಷ್ಟು ಬೇಕು ಎಂದು ಗಟ್ಟಿಯಾಗಿ ಹೇಳಿ. ಆಟ ನಿಧಾನವಾಗುತ್ತದೆ, ಆಗಲಿ.

3. ಒಬ್ಬರೇ ಇದ್ದಾಗ ನಿಮಗೆ ಎರಡು ಎಲೆ, ನಡುವೆ ನಾಲ್ಕು ಎಲೆ ಹಾಕಿಕೊಂಡು ಔಟ್ಸ್ ಎಣಿಸಿ.

4. ಆಟ ಮುಗಿದ ಮೇಲೆ ದೊಡ್ಡ ಪಾಟ್‌ಗಳನ್ನು ಬರೆದಿಡಿ: ಕೂತ ಜಾಗ, ಎಲೆ, ಪಾಟ್, ಬೆಲೆ, ನಿಮ್ಮ ನಿರ್ಧಾರ. ಗೆದ್ದೆನೋ ಸೋತೆನೋ ಎಂಬುದನ್ನು ಬರೆಯಬೇಡಿ. ಮರುದಿನ ಓದಿ, ಲೆಕ್ಕ ಸರಿಯಿತ್ತೇ ಎಂದು ನೋಡಿ.

5. ಆಟ ಎಷ್ಟು ಹೊತ್ತಿಗೆ ನಿಲ್ಲಬೇಕು ಎಂದು ಶುರುವಿಗೇ ಗೊತ್ತುಮಾಡಿ. ಬೀಜದ ಆಟದಲ್ಲೂ ಸೋತು ಸಿಟ್ಟು ಬಂತೆಂದರೆ ಅಲ್ಲಿಗೆ ಏಳಿ.

ಮನೆಯಲ್ಲಿ ಯಾರಾದರೂ ಈಗಾಗಲೇ ಹಣದ ಆಟಕ್ಕೆ ಸಿಕ್ಕಿ ಸಾಲ ಮಾಡಿಕೊಂಡಿದ್ದರೆ, ಮುಚ್ಚಿಡುತ್ತಿದ್ದರೆ, ಅವರಿಗೆ ಪೋಕರ್‌ನ ಲೆಕ್ಕ ಕಲಿಸಲು ಹೋಗಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಅದು ಉಚಿತ, ಕನ್ನಡದಲ್ಲೂ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಂತ್ರಜ್ಞಾನದ ಅತಿಬಳಕೆಗೆಂದೇ ಶಟ್ ಕ್ಲಿನಿಕ್ ಇದೆ.

ಶೇಕಡದ ಲೆಕ್ಕ ಬಾಯಲ್ಲಿ ಹೇಳದೆಯೇ ಮನಸ್ಸಿನಲ್ಲಿ ಮೂಡತೊಡಗಿದಾಗ ಮುಂದಿನ ಪಾಠಕ್ಕೆ ಹೋಗಬಹುದು: ಎದುರಿನವರ ಕೈಯನ್ನು ಒಂದೇ ಜೋಡಿ ಎಲೆ ಎಂದು ಊಹಿಸದೆ, ಅವರು ಆ ಜಾಗದಿಂದ ಆಡಬಹುದಾದ ಎಲ್ಲ ಕೈಗಳ ಗುಂಪು ಎಂದು ನೋಡುವುದು. ಅದಕ್ಕೆ ಡೇವಿಡ್ ಸ್ಕ್ಲಾನ್ಸ್ಕಿ ಅವರ ‘ದ ಥಿಯರಿ ಆಫ್ ಪೋಕರ್’ ಒಳ್ಳೆಯ ಪುಸ್ತಕ. ಇಂಗ್ಲಿಷ್‌ನಲ್ಲಿದೆ, ನಿಧಾನವಾಗಿ, ಪಕ್ಕದಲ್ಲಿ ಒಂದು ಕಟ್ಟು ಎಲೆ ಇಟ್ಟುಕೊಂಡು ಓದಿ.